ಹಳೆಯ ಫ್ಯಾನು, ಮಿಕ್ಸರು, ಲ್ಯಾಪ್‌ಟಾಪು: ನಾನು ದುರಸ್ತಿ ಮಾಡಿಕೊಂಡ ಬಗೆ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿರುವ ಸೀಲಿಂಗ್ ಫ್ಯಾನುಗಳಲ್ಲಿ ಕೆಲವು, ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾದ ಹಳೆಯ ಮನೆಯಿಂದ ಬಿಚ್ಚಿ ತಂದವು. ಅವು ನಿಧಾನವಾದಾಗಲೆಲ್ಲ ಅಂಗಡಿಯಲ್ಲಿ ಕೇಳಿಬರುತ್ತಿದ್ದ ಮಾತು ಒಂದೇ: "ಇದರಾಗ ಏನೂ ಉಳದಿಲ್ರಿ ಸರ, ಹೊಸಾದು ತೊಗೊಂಡುಬಿಡ್ರಿ." ಬಿಚ್ಚಿ ನೋಡಿದರೆ ತಾಮ್ರದ ವೈಂಡಿಂಗ್ ಸುಸ್ಥಿತಿಯಲ್ಲಿರುತ್ತಿತ್ತು, ಕೆಟ್ಟಿರುತ್ತಿದ್ದುದು ಕಾಲಕಾಲಕ್ಕೆ ಬದಲಿಸಬೇಕಾದ ಅಗ್ಗದ ಒಂದು ಭಾಗ ಮಾತ್ರ. ಹೀಗಾಗಿ ಮನೆಯ ಯಾವ ಉಪಕರಣ ನಿಂತರೂ ನಾನು ಮೊದಲು ಹುಡುಕುವುದು ಆ ಭಾಗವನ್ನೇ.

ಫ್ಯಾನು ಸದ್ದಿಲ್ಲದೆ ನಿಧಾನವಾಗಿದ್ದರೆ ಅನುಮಾನ, ಮೋಟರು ತಿರುಗಲು ನೆರವಾಗುವ ಕೆಪ್ಯಾಸಿಟರಿನ ಮೇಲೆ. ನಮ್ಮ ಎಲೆಕ್ಟ್ರಿಶಿಯನ್ನರು ಇದನ್ನು ಕಂಡೆನ್ಸರ್ ಎನ್ನುತ್ತಾರೆ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಜೋಡಿಸಿರುವ ಸಾಧ್ಯತೆ ಇರುವುದರಿಂದ, ಸ್ವಿಚ್ ಆರಿಸಿದರೂ ಫ್ಯಾನಿನಲ್ಲಿ ವಿದ್ಯುತ್ ಉಳಿದಿರಬಹುದು; ಅಷ್ಟಕ್ಕೇ ನಾನು ಕೈ ಹಾಕುವುದಿಲ್ಲ. ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ಕೆಪ್ಯಾಸಿಟರಿನಲ್ಲಿ ಉಳಿದ ಚಾರ್ಜನ್ನು ಇಳಿಸಿದ ಮೇಲೆಯೇ ಕೆಲಸ ಆರಂಭ. ಅದರ ಮೇಲೆ 2.5 ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯದ ಅಳತೆ) ಎಂದು ಮುದ್ರಿಸಿದ್ದು, ಮಲ್ಟಿಮೀಟರ್ 1.5ರ ಆಸುಪಾಸು ತೋರಿಸಿದರೆ ಕಾರಣ ಸಿಕ್ಕಂತೆ. ಹೆಚ್ಚು ಮೈಕ್ರೋಫ್ಯಾರಡಿನದನ್ನು ಹಾಕಿ ವೇಗ ಹೆಚ್ಚಿಸಿಕೊಳ್ಳಿ ಎಂದು ಸಲಹೆ ನೀಡುವವರಿದ್ದಾರೆ; ಅದರಿಂದ ವೈಂಡಿಂಗ್ ಬಿಸಿಯಾಗಿ ಫ್ಯಾನಿನ ಆಯುಸ್ಸೇ ಕಡಿಮೆಯಾಗುತ್ತದೆ. ಆದ್ದರಿಂದ ಅದೇ ಮೌಲ್ಯದ, 440 ವೋಲ್ಟ್ ತಾಳುವ ಕೆಪ್ಯಾಸಿಟರನ್ನೇ ತರುತ್ತೇನೆ. ಗರಗರ ಸದ್ದಿದ್ದರೆ ಬೇರಿಂಗ್ ಸವೆದಿದೆ ಎಂದರ್ಥ. ಅದರ ಅಂಚಿನ ಮೇಲೆ 6202 ಅಥವಾ 6201 ಎಂಬಂತಹ ಸಂಖ್ಯೆ ಇರುತ್ತದೆ. ನಮ್ಮ ಕಡೆಯ ಬೇಸಿಗೆಯ ಧೂಳಿಗೆ ಎರಡೂ ಬದಿ ಮುಚ್ಚಿರುವ ಬೇರಿಂಗೇ ಬೇಕು.

ಜೋಡಿಸಿದ ಫ್ಯಾನನ್ನು ನೇರವಾಗಿ ಲೈನಿಗೆ ಕೊಡುವ ಮುನ್ನ 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬಿರುವ ಸೀರೀಸ್ ಬೋರ್ಡಿನಲ್ಲಿ, ಅಂದರೆ ವಿದ್ಯುತ್ ಬಲ್ಬಿನ ಮೂಲಕವೇ ಫ್ಯಾನಿಗೆ ಹಾಯುವಂತೆ ಜೋಡಿಸಿದ ಬೋರ್ಡಿನಲ್ಲಿ, ಪರೀಕ್ಷಿಸುತ್ತೇನೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಬೆಳಗುತ್ತದೆ. ಸರಿಯಿದ್ದರೆ ಬಲ್ಬು ಮಂಕಾಗಿ ಉರಿದು ಫ್ಯಾನು ಮೆಲ್ಲಗೆ ತಿರುಗುತ್ತದೆ. ಇದಕ್ಕಿಂತ ಉಪಯುಕ್ತವಾದ ಉಪಕರಣ ನನ್ನ ಬಳಿ ಬೇರೊಂದಿಲ್ಲ.

ಎಲ್ಲ ಫ್ಯಾನುಗಳನ್ನೂ ಉಳಿಸಿಕೊಳ್ಳುವುದು ಸರಿಯೆಂದು ಮಾತ್ರ ನಾನು ಹೇಳಲಾರೆ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಹೊಸ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 15 ತಾಸು ತಿರುಗುವ ಕೋಣೆಯಲ್ಲಿ ಈ ವ್ಯತ್ಯಾಸ ತಿಂಗಳಿಗೆ ಸುಮಾರು 20 ಯುನಿಟ್ ಆಗುತ್ತದೆ. ಹಾಗಾಗಿ ಮಲಗುವ ಕೋಣೆಗೆ ಹೊಸದನ್ನು ತಂದು, ಆಗೀಗ ಮಾತ್ರ ಬಳಸುವ ಕೋಣೆಗಳಲ್ಲಿ ಹಳೆಯವನ್ನು ಉಳಿಸಿಕೊಂಡಿದ್ದೇವೆ.

ಮಿಕ್ಸರಿನ ತೊಂದರೆಗಳಿಗೆ ನಮ್ಮ ಊಟದ ಪದ್ಧತಿಯೂ ಒಂದು ಕಾರಣ. ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳನ್ನು ತಿಂಗಳಿಗಾಗುವಷ್ಟು ಒಂದೇ ಸಲಕ್ಕೆ ಕುಟ್ಟಿಕೊಳ್ಳುವಾಗ ಮೋಟರು ಕಾಯ್ದು ತಾನಾಗಿಯೇ ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಮಿಕ್ಸರ್ ಸುಟ್ಟಿತೆಂದು ಭಾವಿಸುವುದು ಇದನ್ನೇ. ಆರಿದ ಮೇಲೆ ಅಡಿಯಲ್ಲಿರುವ ಓವರ್‌ಲೋಡ್ ಗುಂಡಿಯನ್ನು ಒತ್ತಿದರೆ ಅದು ಮತ್ತೆ ಓಡುತ್ತದೆ. ಓಡದಿದ್ದರೆ, ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ ತಲುಪಿಸುವ ಕಾರ್ಬನ್ ಬ್ರಷ್ ನೋಡಬೇಕು. ಮೋಟರಿನ ಮೇಲಿದ್ದು ಜಾರನ್ನು ತಿರುಗಿಸುವ ಕಪ್ಲರಿನ ಹಲ್ಲು ಸವೆದಿದ್ದರೆ, ಸಾಮಾನ್ಯವಾಗಿ ಅದರ ಥ್ರೆಡ್ (ಸ್ಕ್ರೂವಿನ ಸುತ್ತು) ಉಲ್ಟಾ ಇರುತ್ತದೆ ಎಂಬುದನ್ನು ನೆನಪಿಟ್ಟು ಗಡಿಯಾರದ ಮುಳ್ಳು ಸಾಗುವ ದಿಕ್ಕಿಗೆ ತಿರುಗಿಸಿ ಬಿಚ್ಚುತ್ತೇನೆ. ಆರ್ಮೇಚರ್ (ಮೋಟರಿನ ತಿರುಗುವ ತಂತಿ ಸುತ್ತಿದ ಭಾಗ) ಸುಟ್ಟ ವಾಸನೆ ಬಂದರೆ ರೀವೈಂಡಿಂಗ್ ಅಂಗಡಿಗೇ ಒಯ್ಯುತ್ತೇನೆ.

ಅಕ್ಕನ ಮಗಳ ಲ್ಯಾಪ್‌ಟಾಪ್ ನಾಲ್ಕನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನದು. ವಿಂಡೋಸ್ 10ರ ಉಚಿತ ಸುರಕ್ಷತಾ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. "ಮಾಮಾ, ಆನ್ ಆಗಾಕ ಭಾಳ ಹೊತ್ತು ತೊಗೋತೈತಿ" ಎಂದು ಅವಳು ತಂದುಕೊಟ್ಟಾಗ, ಮೊದಲು ಬ್ಯಾಟರಿ ಕಳಚಿ ಫ್ಯಾನಿನ ಹಿಂದೆ ಹೆಪ್ಪುಗಟ್ಟಿದ್ದ ಧೂಳನ್ನು ತೆಗೆದು, ಪ್ರೊಸೆಸರಿನ ಬಿಸಿಯನ್ನು ಹೊರಕ್ಕೆ ಸಾಗಿಸುವ, ಒಣಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದೆ. ತಿರುಗುವ ಹಾರ್ಡ್ ಡಿಸ್ಕಿನ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕು) ಬಂದಿತು. ವೇಗದಲ್ಲಿ ಆದ ಬದಲಾವಣೆಯ ದೊಡ್ಡ ಪಾಲು ಇದರದೇ. ಮೆಮೊರಿಯನ್ನು 4ರಿಂದ 8 ಜಿಬಿಗೆ ಏರಿಸುವಾಗ ಅದಕ್ಕೆ ಹೊಂದುವ, 1.35 ವೋಲ್ಟಿನ ಡಿಡಿಆರ್3ಎಲ್ ಪಟ್ಟಿಯನ್ನೇ ಹುಡುಕಿ ತರಬೇಕಾಯಿತು. ಆಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಕನ್ನಡ ಯುನಿಕೋಡ್ ಟೈಪಿಂಗ್ ಸೇರಿದಂತೆ ಅವಳ ಕಾಲೇಜಿನ ಕೆಲಸವೆಲ್ಲ ಅದರಲ್ಲಿ ಸಾಗುತ್ತಿದೆ.

ನಾನು ಮುಟ್ಟದ ವಸ್ತುಗಳೂ ಇವೆ. ಮೈಕ್ರೋವೇವ್ ಒಲೆಯ ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು; ಅದು ತರಬೇತಿ ಪಡೆದವರ ಕೆಲಸ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚದೆ, ಮತ್ತೆ ಚಾರ್ಜ್ ಮಾಡದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುತ್ತೇನೆ. ಇನ್ನು ಹೊಸ ಲ್ಯಾಪ್‌ಟಾಪನ್ನೇ ಕೊಳ್ಳಬೇಕಾಗಿ ಬಂದಾಗ, ಹಿಂಬದಿಯ ಮುಚ್ಚಳ ಸಾಮಾನ್ಯ ಸ್ಕ್ರೂಗಳಿಂದ ಬಿಚ್ಚುತ್ತದೆಯೇ, ಮೆಮೊರಿಯನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದಾರೆಯೇ, ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ ಎಂಬ ಮೂರನ್ನು ಹಣ ಕೊಡುವ ಮುಂಚೆಯೇ ಅಂಗಡಿಯವರನ್ನು ಕೇಳುತ್ತೇನೆ.