ಪಾವಗಡದ ಬಿಸಿಲಲ್ಲಿ ಆರ್ಕ್ಟಿಕ್ ಪಾಠ

ಪಾವಗಡ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಮೇಷ್ಟ್ರು. ಆರ್ಕ್ಟಿಕ್ ಹಿಮ ಕರಗುತ್ತಿದೆ ಅಂದರೆ ನಮ್ಮ ಮಕ್ಕಳ ಮುಖದಲ್ಲಿ ಏನೂ ಅಲುಗುವುದಿಲ್ಲ. ಅವರ ಮನೆಗಳಲ್ಲಿ ಫ್ಲೋರೈಡ್ ನೀರಿನದೇ ದೊಡ್ಡ ಮಾತು. ಅದಕ್ಕೇ ಒಂದು ಮಾರ್ಚ್‌ನಲ್ಲಿ ಜ್ಯೂಸ್ ಅಂಗಡಿಯಿಂದ ಐಸ್ ಗಡ್ಡೆ ತಂದೆ. ಗೋಣಿಚೀಲದಲ್ಲಿ ಭತ್ತದ ಹೊಟ್ಟು ತುಂಬಿ ಸುತ್ತಿದ್ದರೂ ಸ್ಕೂಲು ಮುಟ್ಟುವಷ್ಟರಲ್ಲಿ ಕಾಲು ಭಾಗ ದಾರಿಯುದ್ದಕ್ಕೂ ಸೋರಿತ್ತು.

ಮೊದಲು ಎಲ್ಲರೂ ಮಾಡುವ ಪ್ರಯೋಗವನ್ನೇ ಮಾಡಿದೆ. ಲೋಟದ ನೀರಿನಲ್ಲಿ ಐಸ್ ತೇಲಿಸಿ, ನೀರಿನ ಮಟ್ಟಕ್ಕೆ ಗೆರೆ ಎಳೆದೆ. ಐಸ್ ಪೂರ್ತಿ ಕರಗಿದರೂ ನೀರು ಗೆರೆ ದಾಟಲಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ ನೆಲದ ಮೇಲೆ ಕೂತ ಹಿಮ ಕರಗಿದರೆ ಸಮುದ್ರ ಏರುತ್ತದೆ, ತೇಲುವ ಹಿಮದಿಂದ ಅಷ್ಟಾಗಿ ಏರುವುದಿಲ್ಲ ಅಂತ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ, "ಹಂಗಾದ್ರೆ ತೇಲೋದು ಕರಗಿದ್ರೆ ಏನ್ ನಷ್ಟ ಸಾರ್?" ಅಂದ. ಇಡೀ ತರಗತಿ ಅವನ ಕಡೆ ವಾಲಿತು.

ನಷ್ಟ ಇರುವುದು ಬಣ್ಣದಲ್ಲಿ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಕರಿ ಬಂಡೆ ಹತ್ತಿದವರಿಗೂ ಸುಣ್ಣ ಬಳಿದ ತಾರಸಿ ಮೇಲೆ ಓಡಾಡಿದವರಿಗೂ ಇದು ಗೊತ್ತು. ಹೊಸ ಹಿಮ ಹೊದ್ದ ಸಮುದ್ರ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ 80ಕ್ಕೂ ಹೆಚ್ಚನ್ನು ವಾಪಸ್ ಎಸೆಯುತ್ತದೆ. ಹಿಮ ಹೋಗಿ ಕಪ್ಪು ನೀರು ಬಯಲಾದರೆ ಶೇ 90ಕ್ಕೂ ಹೆಚ್ಚನ್ನು ನುಂಗುತ್ತದೆ. ಕಾದ ನೀರು ಪಕ್ಕದ ಹಿಮವನ್ನೂ ತಿನ್ನುತ್ತದೆ.

ತೋರಿಸೋಣ ಅಂತ ಕಡಪ ಕಲ್ಲಿನ ಮೇಲೊಂದು, ಬಿಳಿ ಟೈಲ್ಸ್ ಮೇಲೊಂದು ಐಸ್ ಇಟ್ಟೆ. ಕಲ್ಲಿನ ಮೇಲಿನದು ಬೇಗ ಕರಗಿತು. ನಾನು ಬೀಗುವಷ್ಟರಲ್ಲಿ ಒಬ್ಬ ಹುಡುಗಿ, "ಕಲ್ಲೇ ಬೇರೆ, ದಪ್ಪಾನೂ ಬೇರೆ. ಬಣ್ಣದ್ದೇ ಕೆಲಸ ಅಂತ ಹೆಂಗೆ?" ಅಂದಳು. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಹೊಳೆಯದೇ ಹೋಗಿತ್ತು!

ಮರುದಿನ ಬಿಸಿಯೂಟದ ಕೋಣೆಯಿಂದ ಒಂದೇ ಅಳತೆಯ ಎರಡು ಸ್ಟೀಲ್ ತಟ್ಟೆ ಬೇಡಿ ತಂದೆವು. ಒಂದಕ್ಕೆ ಹರಳೆಣ್ಣೆ ಕಲಸಿದ ಮಸಿ, ಇನ್ನೊಂದಕ್ಕೆ ಸುಣ್ಣ. ತಕ್ಕಡಿಯಲ್ಲಿ ಸಮ ತೂಗಿದ ಐಸ್. ಎರಡನ್ನೂ ಹತ್ತು ಗಂಟೆಯ ಬಿಸಿಲಿಗೆ ಇಟ್ಟು ಕೂತೆವು. ಕರಿ ತಟ್ಟೆಯದು ಎಂಟು ನಿಮಿಷ ಮುಂಚೆ ನೀರಾಯಿತು. ಹುಡುಗಿ ಆಗ ಒಪ್ಪಿದಳು, ಅದೂ ತಟ್ಟೆಗಳ ಜಾಗ ಅದಲುಬದಲು ಮಾಡಿ ಮತ್ತೊಮ್ಮೆ ನೋಡಿದ ಮೇಲೆ.

ಆಮೇಲೆ ಅಂಕಿ ಹೇಳಿದಾಗ ಕಿವಿ ನಿಮಿರಿದವು. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಸಮುದ್ರದ ಹಿಮ ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಇಳಿದಿತ್ತು, ಹೆಚ್ಚುಕಮ್ಮಿ ನಮ್ಮ ದೇಶದಷ್ಟು. 1981ರಿಂದ 2010ರವರೆಗಿನ ಸರಾಸರಿ ಕನಿಷ್ಠ 62 ಲಕ್ಷ. ಆರ್ಕ್ಟಿಕ್‌ನಲ್ಲಿರುವ ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಸಮೂಹದ ನೈ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮದೇ 'ಹಿಮಾದ್ರಿ' ಸಂಶೋಧನಾ ಕೇಂದ್ರವಿದೆ, 2023ರ ಡಿಸೆಂಬರಿನಲ್ಲಿ ನಮ್ಮವರು ಸೂರ್ಯ ಕಾಣದ ಚಳಿಗಾಲಕ್ಕೂ ಅಲ್ಲಿಗೆ ಹೋದರು ಅಂದೆ. "ಕತ್ತಲಲ್ಲಿ ಬಿಸಿಲಿನ ಲೆಕ್ಕ ಹೆಂಗೆ?" ಅಂತ ಅದೇ ಹಿಂದಿನ ಬೆಂಚು. ಬಿಸಿಲಿಲ್ಲದಾಗ ಮೋಡ, ಗಾಳಿ ಏನು ಮಾಡುತ್ತವೆ ಅಂತ ನೋಡೋಕೇ ಕಣೋ ಹೋಗಿದ್ದು ಅಂದೆ.

ತಟ್ಟೆಯ ಮಸಿ ಮಾತ್ರ ಉಜ್ಜಿದರೂ ಹೋಗಲಿಲ್ಲ. ಅಡುಗೆಯ ಅಕ್ಕ ಈಗ ನನಗೆ ಅದರಲ್ಲೇ ಬಡಿಸುತ್ತಾರೆ.