ಗಾಂಧಾರ ಬಿಟ್ಟ ಗಿಟಾರ್, ಪಕ್ಕದಲ್ಲಿ ಲ್ಯೂಟ್

ಸ್ಟೀಲ್ ತಂತಿಯ ಗಿಟಾರಿನ ಸದ್ದು ಲ್ಯೂಟನ್ನು (ಯುರೋಪಿನ ಹಳೆಯ, ಮೆಲುದನಿಯ ತಂತಿ ವಾದ್ಯ) ನುಂಗಿಬಿಡುತ್ತದೆ, ಶ್ರುತಿಯೂ ಕೂಡುವುದಿಲ್ಲ ಅಂತ ಬಲ್ಲವರೇ ಹೇಳಿದ್ದರು. ಈಗ ನಾವಿಬ್ಬರೂ ಹತ್ತಿರ ಹತ್ತಿರ ಒಂದು ಗಂಟೆ ಮೈಕ್ ಇಲ್ಲದೆ ನುಡಿಸುತ್ತೇವೆ. ಅವತ್ತು ಬೇಡ ಅಂದವರೇ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಿಟಾರ್ ನನ್ನದು. ಗೆಳೆಯನದು ಎಂಟು ಕೋರ್ಸ್‌ನ (ಕೋರ್ಸ್ ಅಂದರೆ ಒಟ್ಟಿಗೆ ಮೀಟುವ ಜೋಡಿ ತಂತಿ) ರಿನೇಸಾನ್ಸ್ ಲ್ಯೂಟ್, ಜಿ ಶ್ರುತಿ. ನುಡಿಸುವುದು ಹಳೆಯ ಚರ್ಚ್ ಪಠಣದ ಜಾಡಿನಲ್ಲಿ ನಾವೇ ಕಟ್ಟಿದ ನಿಧಾನದ ರಚನೆಗಳು, ಹೆಚ್ಚಿನವು ಡಿ ಮೋಡ್‌ನಲ್ಲಿ, ಅಂದರೆ ಡಿ ಸ್ವರವೇ ಷಡ್ಜ.

ಎಲ್ಲರೂ ಮಾಡುವಂತೆ ಗಿಟಾರಿನ ಮೂರನೇ ಫ್ರೆಟ್‌ಗೆ (ಮನೆಗೆ) ಕೇಪೋ, ಅಂದರೆ ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್, ಹಾಕಿ, ಮೂರನೇ ತಂತಿ ಅರ್ಧ ಸ್ವರ ಇಳಿಸಿ ಶುರು ಮಾಡಿದೆವು. ಲ್ಯೂಟಿನ ಶ್ರುತಿಯೇನೋ ಬಂತು. ಆದರೆ ಎರಡು ವಾದ್ಯದ ಸ್ವರವೂ ಒಂದೇ ಎತ್ತರದಲ್ಲಿ ನಿಂತು ಬರೀ ಕಲಸುಮೇಲೋಗರ. ಆಮೇಲೆ ಲ್ಯೂಟಿನ ಕೊರಳಿಗೆ ಸುತ್ತಿ ಕಟ್ಟಿದ ಫ್ರೆಟ್‌ಗಳನ್ನು ಎರಡು ಮೂರು ಮಿಲಿಮೀಟರ್ ಸರಿಸಿ ಗಿಟಾರಿನ ಸಮ ಶ್ರುತಿಗೆ (ಎಲ್ಲ ಅರ್ಧ ಸ್ವರಗಳೂ ಒಂದೇ ಅಳತೆ) ತಂದೆವು. ವೇಗದ ಸಂಗೀತಕ್ಕೆ ಅದು ಸಾಕು. ನಮ್ಮದರಲ್ಲಿ ಸ್ವರ ತುಂಬಾ ಹೊತ್ತು ನಿಲ್ಲುತ್ತದಲ್ವಾ, ಗಾಂಧಾರದ ಅಲುಗಾಟ ಕಿವಿಗೆ ಚುಚ್ಚುತ್ತದೆ. ಲ್ಯೂಟಿನ ಸಿಹಿಯೇ ಹೋಯಿತು.

ಕೊನೆಗೆ ಉಲ್ಟಾ ಮಾಡಿದೆವು. ಲ್ಯೂಟಿಗೆ ಅದರ ಮೀನ್‌ಟೋನನ್ನು (ಗಾಂಧಾರ ಅಲುಗದೆ ಕೂಡುವ ಹಳೆಯ ಶ್ರುತಿ) ವಾಪಸ್ ಕೊಟ್ಟೆವು. ಗಿಟಾರಿನ ಆರು ತಂತಿಗಳನ್ನು ಡಿ ಎ ಡಿ ಜಿ ಎ ಡಿ ಶ್ರುತಿ ಮಾಡಿ, ಅದರಲ್ಲಿ ಗಾಂಧಾರ ನುಡಿಸುವುದನ್ನೇ ಬಿಟ್ಟೆ. ಎಫ್ ಇಲ್ಲ, ಎಫ್ ಶಾರ್ಪ್ ಇಲ್ಲ; ಡಿಯ ಎರಡು ಗಾಂಧಾರಗಳು ಅವೇ. ಜಗಳ ಇದ್ದದ್ದೇ ಆ ಎರಡು ಸ್ವರಗಳಲ್ಲಿ, ಹತ್ತರಿಂದ ಹದಿನಾಲ್ಕು ಸೆಂಟ್‌ನಷ್ಟು (ಅರ್ಧ ಸ್ವರದ ನೂರರಲ್ಲಿ ಒಂದು ಪಾಲು ಒಂದು ಸೆಂಟ್). ಬಿಡಿ ತಂತಿಗಳನ್ನು ಟ್ಯೂನರ್ ಪಕ್ಕಕ್ಕಿಟ್ಟು ಲ್ಯೂಟಿನ ಡಿ, ಎ, ಜಿಗೆ ಕಿವಿಯಲ್ಲೇ ಕೂಡಿಸುತ್ತೇನೆ. ಉಳಿದದ್ದು ಹನ್ನೆರಡು, ಏಳನೇ ಫ್ರೆಟ್‌ನ ಹಾರ್ಮೋನಿಕ್‌ಗಳು, ಅಂದರೆ ತಂತಿ ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಗಂಟೆಯಂಥ ನಾದ. ಗಾಂಧಾರ ಪೂರ್ತಿ ಲ್ಯೂಟಿನದು. ಮೊದಲ ಸಲ ಹಾಗೆ ನುಡಿಸಿದಾಗ ಕೋಣೆಯೇ ಶ್ರುತಿಗೆ ಬಂದಂತಾಯಿತು.

ಈ ಹಂಚಿಕೆ ಹೊಸದೇನಲ್ಲ. 1507ರಲ್ಲಿ ಮುದ್ರಕ ಪೆಟ್ರುಚ್ಚಿ ವೆನಿಸ್‌ನಲ್ಲಿ ಅಚ್ಚು ಹಾಕಿದ, ಲ್ಯೂಟ್ ವಾದಕ ಸ್ಪಿನಾಚಿನೋನ ಪುಸ್ತಕಗಳಲ್ಲೇ ಜೋಡಿ ವಾದನ ಇದೆ. ಒಂದು ಲ್ಯೂಟ್ ಟೆನರ್ (ಹಾಡಿನ ಆಧಾರದ ನಿಧಾನದ ಸಾಲು) ಹಿಡಿದು ನಿಲ್ಲುತ್ತದೆ, ಇನ್ನೊಂದು ಅದರ ಮೇಲೆ ಓಡಾಡುತ್ತದೆ. ಆ ನಿಲ್ಲುವ ಕೆಲಸ ನನ್ನ ಗಿಟಾರಿನದು.

ಸದ್ದಿನ ವಿಷಯ: ಗಿಟಾರಿಗೆ ಸಿಲ್ಕ್ ಅಂಡ್ ಸ್ಟೀಲ್ ತಂತಿ (ಉಕ್ಕಿನ ಜೊತೆ ರೇಷ್ಮೆ ಎಳೆ ಸೇರಿದ ಮೆತ್ತನೆಯ ತಂತಿ), ಉಗುರು ಬೇಡ, ಬೆರಳಿನ ತುದಿಯ ಮಾಂಸ, ಹನ್ನೆರಡನೇ ಫ್ರೆಟ್ ಹತ್ತಿರ ಮೀಟು. ಲ್ಯೂಟಿನ ಎಂಟನೇ ಕೋರ್ಸ್ ಮತ್ತು ಗಿಟಾರಿನ ದಪ್ಪ ತಂತಿ ಎರಡೂ ಅದೇ ಡಿ, ಸುಮಾರು 73 ಹರ್ಟ್ಸ್. ಎರಡನ್ನೂ ಒಟ್ಟಿಗೆ ಮೀಟಬಾರದು. ಯಾರು ಯಾವಾಗ ಬಿಡಬೇಕು ಅನ್ನುವುದಕ್ಕೆ ನಮ್ಮದೇ ಲೆಕ್ಕ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ದಪ್ಪ ತಂತಿಯ ಗುಂಯ್ ಅನ್ನುವ ಬಾಲ ಕತ್ತರಿಸುವ ಉಪಾಯವೂ ನಮ್ಮಲ್ಲೇ ಇರಲಿ.

ದುಡ್ಡು ಜಾಸ್ತಿ ತಿಂದದ್ದು ಲ್ಯೂಟಿನ ಗಟ್ ತಂತಿ, ಅಂದರೆ ಪ್ರಾಣಿಯ ಕರುಳಿನಿಂದ ಮಾಡಿದ್ದು. ಹವೆ ಬದಲಾದರೆ ಶ್ರುತಿ ಹೋಗುತ್ತಿತ್ತು, ಮೊದಲ ತಂತಿ ವಾರ ತುಂಬುವ ಮೊದಲೇ ಪಟ್ ಅನ್ನುತ್ತಿತ್ತು. ಮೊದಲ ವರ್ಷದ ಖರ್ಚಿನಲ್ಲಿ ಅರ್ಧದಷ್ಟು ಅದಕ್ಕೇ ಹೋಗಿರಬೇಕು. ಮೇಲಿನ ಕೋರ್ಸ್‌ಗಳಿಗೆ ಸಿಂಥೆಟಿಕ್ ಗಟ್ ಹಾಕಿದ ಮೇಲೆ ಅದು ಕಾಲು ಭಾಗಕ್ಕೆ ಇಳಿಯಿತು. ಕಲ್ಲಿನ ದೊಡ್ಡ ಹಾಲ್ ಬಾಡಿಗೆಗೆ ಹಿಡಿದು ಮಾಡಿದ ರೆಕಾರ್ಡಿಂಗ್ ಪೂರ್ತಿ ವ್ಯರ್ಥ. ಪ್ರತಿಧ್ವನಿ ನಾಲ್ಕೈದು ಸೆಕೆಂಡ್ ನಿಂತು ಲ್ಯೂಟಿನ ಓಟವೆಲ್ಲ ಒಂದೇ ಮುದ್ದೆಯಾಯಿತು. ಹಾಲ್‌ನವರು ಮುಂಗಡವನ್ನೂ ವಾಪಸ್ ಕೊಡಲಿಲ್ಲ. ಮರದ ನೆಲದ ಸಣ್ಣ ಕೋಣೆಯಲ್ಲಿ ಮತ್ತೆ ನುಡಿಸಿದೆವು. ಲ್ಯೂಟಿಗೆ ಸುಮಾರು ಮೊಳ ದೂರದಲ್ಲಿ ಮೈಕ್, ನಾನು ಅದರ ಎರಡರಷ್ಟು ಹಿಂದೆ. ಕೊನೆಗೆ ಹೊರಗೆ ಬಂದ ರೆಕಾರ್ಡಿಂಗ್ ಅದೇ.

ನಡುವೆ ಗಿಟಾರಿಗೆ ಇ-ಬೋ (ಮೀಟದೆಯೇ ಸ್ಟೀಲ್ ತಂತಿಯನ್ನು ಕಂಪಿಸುತ್ತಲೇ ಇರಿಸುವ ವಿದ್ಯುತ್ ಸಾಧನ) ಇಟ್ಟು ತಂಬೂರಿಯಂಥ ಎಡೆಬಿಡದ ಡ್ರೋನ್ ನಾದ ಕೂಡ ನೋಡಿದೆವು. ಚೆನ್ನಾಗಿಯೇ ಕೇಳಿಸುತ್ತಿತ್ತು, ಆದರೆ ಅದಕ್ಕೆ ಉಸಿರಿರಲಿಲ್ಲ. ಮೀಟಿದ ತಂತಿ ಸಾಯುತ್ತದೆ, ಆ ಸಾಯುವ ಹೊತ್ತಿನಲ್ಲೇ ಕೇಳುವವರ ಮನಸ್ಸು ನಿಲ್ಲುತ್ತದೆ. ಧ್ಯಾನ ಅಂದರೆ ನನಗೆ ಅಷ್ಟೇ. ಇ-ಬೋವನ್ನು ಬಂದ ಬೆಲೆಗೆ ಮಾರಿ ಲ್ಯೂಟಿಗೆ ಹೊಸ ಫ್ರೆಟ್ ಗಟ್ ತಂದೆವು.