ತೋಡು ಬಿಡಿಸಿದ ಎರಡು ಬೇಸಿಗೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದಾಗ ನಾನು ಪಂಚಾಯಿತಿಯಲ್ಲಿರಲಿಲ್ಲ. ನಮ್ಮ ಎರಡು ಎಕರೆ ಕಾಫಿ ತೋಟದಲ್ಲಿ ಬಿದ್ದ ಬಿರುಕಿಗೆ ಟಾರ್ಪಾಲು ಹೊದಿಸುತ್ತಿದ್ದೆ. ಮರುವರ್ಷ ತೋರ ಗ್ರಾಮದಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಕುಸಿತ. ಮೂರು ಆಗಸ್ಟ್ ಹೀಗೆ ಕಳೆದ ಮೇಲೆ ಸುಮ್ಮನಿರಲಾಗಲಿಲ್ಲ. 2020ರ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದೆ. ಮಹಿಳಾ ಮೀಸಲಾತಿಯಲ್ಲಿ ಅಧ್ಯಕ್ಷೆಯೂ ಆದೆ. ಮಡಿಕೇರಿ ತಾಲ್ಲೂಕಿನ ನಮ್ಮ ಪುಟ್ಟ ಪಂಚಾಯಿತಿಯಲ್ಲಿ ಆ ಮೂವತ್ತು ತಿಂಗಳು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಡ್ಡದ ಊರುಗಳ ಬೇರೆ ಸದಸ್ಯರಿಗೆ ಉಪಯೋಗವಾದೀತು ಎಂಬ ಆಸೆ ನನ್ನದು.

ಹವಾಮಾನ ಬದಲಾವಣೆ ಎಂಬ ಮಾತನ್ನು ತರಬೇತಿಗಳಲ್ಲಿ ಕೇಳಿದ್ದೆ. ಅದು ಕಣ್ಣಿಗೆ ಕಂಡದ್ದು ಮಾತ್ರ ನಮ್ಮ ವಾರ್ಡಿನ ಹಿರಿಯ ಬೆಳೆಗಾರರೊಬ್ಬರ ಮಳೆ ಪುಸ್ತಕದಲ್ಲಿ. ಕೊಡಗಿನ ಹಳೆಯ ತೋಟಗಳಲ್ಲಿ ಬೆಳಗಾದರೆ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಮತ್ತು ಸೆಂಟಿನಲ್ಲಿ ಬರೆದಿಡುವುದು ರೂಢಿ. ನೂರು ಸೆಂಟಿಗೆ ಒಂದು ಇಂಚು. ಆ ಉದ್ದನೆಯ ಪುಸ್ತಕದ ಹಾಳೆಗಳು ತೇವಕ್ಕೆ ಉಬ್ಬಿದ್ದವು, ಮೂಲೆಗಳಲ್ಲಿ ಬೂಷ್ಟು. ಹಿಂದಿನ ವರ್ಷಗಳಲ್ಲಿ ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಉದ್ದಕ್ಕೂ ದಿನವೂ ಒಂದು, ಒಂದೂವರೆ, ಎರಡು ಇಂಚು. ಈಚಿನ ಪುಟಗಳಲ್ಲಿ ವಾರಗಟ್ಟಲೆ ಬರೀ ಸೆಂಟುಗಳು. ಆಮೇಲೆ ಮೂರು ನಾಲ್ಕು ದಿನದಲ್ಲಿ ತಿಂಗಳಿನ ಮಳೆ. 2018ರ ಆಗಸ್ಟ್ 16ರ ಸಾಲಿನಲ್ಲಿ ಅಂಕಿಯೇ ಇರಲಿಲ್ಲ. ‘ಮಾಪಕ ತುಂಬಿ ಹರಿಯಿತು’ ಎಂದಷ್ಟೇ ಬರೆದಿತ್ತು.

“ಮಾವ, ಇಷ್ಟು ನೀರು ಎತ್ತ ಹೋಗಬೇಕಿತ್ತು?” ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ; ಕೊಡೆ ತೆಗೆದುಕೊಂಡು, “ಬಾ ಮಗಳೇ, ತೋರಿಸುತ್ತೇನೆ” ಎಂದರು.

ಅಂದಿನಿಂದ ಆರು ದಿನ ಗ್ರಾಮ ನಕ್ಷೆ ಹಿಡಿದು ಊರಿನ ತೋಡುಗಳನ್ನು, ಅಂದರೆ ನೀರು ಹರಿಯುವ ಸಣ್ಣ ಹಳ್ಳಗಳನ್ನು, ಹುಡುಕುತ್ತ ನಡೆದೆವು. ನಕ್ಷೆಯಲ್ಲಿದ್ದ ಹದಿನಾಲ್ಕು ತೋಡುಗಳಲ್ಲಿ ಐದು ನೆಲದ ಮೇಲೆ ಇರಲೇ ಇಲ್ಲ. ಒಂದರ ಮೇಲೆ ಮಣ್ಣು ತುಂಬಿ ಕಾಫಿ ಕಣ ಮಾಡಿದ್ದರು. ಇನ್ನೊಂದು ರಸ್ತೆಯಡಿ ಎರಡು ಅಡಿ ಪೈಪಿನೊಳಗೆ ನುಗ್ಗಬೇಕಿತ್ತು. ಒಂದು ಕಡೆ ಮನೆ ತಳಕ್ಕಾಗಿ ಬರೆಯನ್ನು (ಗುಡ್ಡದ ಕಡಿದಾದ ಪಕ್ಕವನ್ನು) ಗೋಡೆಯಂತೆ ನೇರ ಕಡಿದು, ಆ ಮಣ್ಣನ್ನೇ ತೋಡಿಗೆ ತಳ್ಳಿದ್ದರು. ದಾರಿ ಸಿಗದ ನೀರು ಮಣ್ಣಿನೊಳಗೇ ಇಳಿದು ನಿಲ್ಲುತ್ತದೆ. ಒಳಗಿನ ಒತ್ತಡ ಏರಿದಾಗ ಮಣ್ಣು ಕೆಳಗಿನ ಬಂಡೆಯ ಹಿಡಿತ ಬಿಟ್ಟು ಜಾರುತ್ತದೆ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯವರೂ ಇಳಿಜಾರು ಕಡಿದದ್ದನ್ನು ಮತ್ತು ಸಹಜ ನೀರುದಾರಿ ಮುಚ್ಚಿದ್ದನ್ನು ಕಾರಣಗಳಲ್ಲಿ ಸೇರಿಸಿದ್ದರು.

ತೋಡು ಬಿಡಿಸಲು ಹಣ ಬೇಕಲ್ಲ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದಿದ್ದು ಉದ್ಯೋಗ ಖಾತರಿ. ಆದರೆ 2022ರಲ್ಲಿ ಅದರ ದಿನಗೂಲಿ 309 ರೂಪಾಯಿ. ತೋಟದಲ್ಲಿ ಅದಕ್ಕಿಂತ ಹೆಚ್ಚು ಸಿಗುವಾಗ ಯಾರು ಬರುತ್ತಾರೆ? ಹಾಗಾಗಿ ಕಾಫಿ ಕೊಯ್ಲು ಮುಗಿದು ತೋಟದ ಕೆಲಸ ಇಳಿಯುವ ಏಪ್ರಿಲ್, ಮೇ ತಿಂಗಳನ್ನೇ ಹಿಡಿದೆವು. ಸ್ವಸಹಾಯ ಸಂಘದ ಹೆಂಗಸರು ಮೊದಲು ಬಂದರು. 2021ರ ಬೇಸಿಗೆ ಕೊರೊನಾದಲ್ಲೇ ಹೋಯಿತು, ಎರಡು ತೋಡುಗಳಷ್ಟೇ ಆದವು. 2022 ಮತ್ತು 2023ರಲ್ಲಿ ಕೆಲಸ ನಿಜಕ್ಕೂ ಸಾಗಿತು. ದೊಡ್ಡ ತೋಟಗಳಲ್ಲಿ ಈ ಯೋಜನೆಯಡಿ ಕೆಲಸ ಮಾಡಿಸಲು ಬರುತ್ತಿರಲಿಲ್ಲ. ಅಲ್ಲಿಯ ತೋಡುಗಳನ್ನು ಮಾಲೀಕರೇ ಬಿಡಿಸಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿದೆವು. ಮೂವರು ಒಪ್ಪಿದರು. ಒಬ್ಬರು ಇಂದಿಗೂ ಒಪ್ಪಿಲ್ಲ.

ನನಗೆ ಹೆಚ್ಚು ಜಗಳವಾದದ್ದು ಇಂಗುಗುಂಡಿಯ ವಿಷಯದಲ್ಲಿ. ನೀರು ಇಂಗಿಸುವ ಗುಂಡಿಗಳಿಗೆ ಗುರಿ ಕೊಡುತ್ತಿದ್ದರು. ಕೋಲಾರಕ್ಕೆ ಅದು ಜೀವ ಉಳಿಸುವ ಕೆಲಸ. ಆದರೆ ಮಳೆಗಾಲದಲ್ಲಿ ಮೊದಲೇ ನೀರು ಕುಡಿದು ಭಾರವಾದ ಕಡಿದಾದ ಗುಡ್ಡದ ನೆತ್ತಿಯಲ್ಲಿ ಗುಂಡಿ ತೋಡಿ ಇನ್ನಷ್ಟು ನೀರು ಇಂಗಿಸಿದರೆ ಕೆಳಗಿನ ಮನೆಗಳ ಗತಿಯೇನು? ಕಡಿದಾದ ಕಡೆ ಒಂದೂ ಗುಂಡಿ ಬೇಡವೆಂದು ಕ್ರಿಯಾಯೋಜನೆಯಲ್ಲೇ ಬರೆಸಿದೆ. ಅದರ ಬದಲು ಪಾಳುಬಿದ್ದ ಗದ್ದೆಗಳ ಬದು ಕಟ್ಟಿಸಿದೆವು. ನೀರು ನಿಲ್ಲಬೇಕಾದ ಜಾಗ ಅದೇ. ಬೇಸಿಗೆಯಲ್ಲಿ ಬಾವಿಗಳಿಗೂ ಅದರಿಂದ ಅನುಕೂಲವಾಯಿತು. ಮೇಲಿನಿಂದ ಬರುವ ಯೋಜನೆ ಎಲ್ಲ ಊರಿಗೂ ಒಂದೇ. ಯಾವ ಇಳಿಜಾರಿಗೆ ಯಾವುದು ಸಲ್ಲದು ಎಂದು ಹೇಳುವ ಹೊಣೆ ಪಂಚಾಯಿತಿಯದು. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಇನ್ನು ಎಚ್ಚರಿಕೆಯ ವಿಚಾರ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕ ಪಂಚಾಯಿತಿಗೊಂದಿದೆ, ಆದರೆ ಲೆಕ್ಕ ಮಿಲಿಮೀಟರಿನಲ್ಲಿ. 150 ಮಿಲಿಮೀಟರ್ ಎಂದರೆ ನಮ್ಮ ಹಿರಿಯರಿಗೆ ಏನೂ ಅನಿಸುವುದಿಲ್ಲ. ಆರು ಇಂಚು ಎಂದರೆ ಎದ್ದು ಕೂರುತ್ತಾರೆ. ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ನಮ್ಮ ಊರಿಗೆ ಒಂದು ಗೆರೆ ಎಳೆದೆವು: ದಿನಕ್ಕೆ ಆರು ಇಂಚು, ಇಲ್ಲವೇ ಮೂರು ದಿನಕ್ಕೆ ಹನ್ನೆರಡು ದಾಟಿದರೆ ಬರೆಯ ಕೆಳಗಿನ ಹನ್ನೊಂದು ಮನೆಗಳನ್ನು ಖಾಲಿ ಮಾಡಿಸುವುದು. ಇದು ನಮ್ಮ ಗುಡ್ಡದ ಲೆಕ್ಕ. ನಿಮ್ಮದನ್ನು ನೀವೇ ನೋಡಿಕೊಳ್ಳಬೇಕು. ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನಿಂತರೆ, ಮನೆಯ ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಅಳತೆಗಾಗಿ ಕಾಯಬಾರದೆಂದೂ ಮನೆಮನೆಗೆ ಹೇಳಿದೆವು.

2022ರ ಜುಲೈಯಲ್ಲಿ ಗೆರೆ ದಾಟಿತು. ಹತ್ತು ಮನೆಯವರು ಶಾಲೆಯ ಕಾಳಜಿ ಕೇಂದ್ರಕ್ಕೆ ಬಂದರು. ಒಬ್ಬ ಅಜ್ಜಿ ಮಾತ್ರ ಕೊಟ್ಟಿಗೆಯ ಕಂಬ ಹಿಡಿದು ನಿಂತುಬಿಟ್ಟರು. “ಇವಳನ್ನು ಕಟ್ಟಿಹಾಕಿ ನಾನು ಅಲ್ಲಿ ಹೋಗಿ ಅನ್ನ ಉಣ್ಣಲೇ?” ಎಂದರು. ಹಸು ಗಬ್ಬವಾಗಿತ್ತು. ನಾವು ಜನರಿಗೆ ಚಾಪೆ, ಕಂಬಳಿ, ಅಕ್ಕಿ ಎಲ್ಲ ಯೋಚಿಸಿದ್ದೆವು, ದನಗಳನ್ನು ಯೋಚಿಸಿರಲಿಲ್ಲ. ಆ ತಪ್ಪು ನನ್ನದೇ. ಆ ರಾತ್ರಿ ಪಕ್ಕದ ತೋಟದವರ ಕೊಟ್ಟಿಗೆ ಬಿಡಿಸಿ, ಹಸುವನ್ನು ಮಳೆಯಲ್ಲೇ ಹೊಡೆದುಕೊಂಡು ಹೋದೆವು. ಅಜ್ಜಿ ಹಸುವಿನ ಹಿಂದೆಯೇ ನಡೆದು ಬಂದರು. ಮರುವರ್ಷದ ಪಟ್ಟಿಯಲ್ಲಿ ಪ್ರತಿ ಮನೆಯ ಮುಂದೆ ದನಗಳ ಸಂಖ್ಯೆ ಮತ್ತು ಅವನ್ನು ಕಟ್ಟುವ ಜಾಗ ಬರೆದೆವು.

ಆ ಸಲ ಯಾವ ಮನೆಯೂ ಬೀಳಲಿಲ್ಲ. ‘ಸುಮ್ಮನೆ ಎಬ್ಬಿಸಿದಿರಿ’ ಎಂದು ಕೆಲವರು ಗ್ರಾಮಸಭೆಯಲ್ಲಿ ಸಿಟ್ಟಾದರು. ಮಾವನವರ ಪುಸ್ತಕವನ್ನು ತಂದು 2018ರ ಪುಟ ತೆರೆದು ಎಲ್ಲರ ಕೈಗೂ ಕೊಟ್ಟೆ. ಜಗಳ ನಿಂತಿತು.

ರಸ್ತೆಯಡಿಯ ಆ ಎರಡು ಅಡಿ ಪೈಪು ಇನ್ನೂ ಬದಲಾಗಿಲ್ಲ. ರಸ್ತೆ ಪಂಚಾಯಿತಿಯದ್ದಲ್ಲ, ನಾಲ್ಕು ಪತ್ರ ಬರೆದಿದ್ದೇವೆ. ಮಳೆ ಹಿಡಿದ ರಾತ್ರಿಗಳಲ್ಲಿ ವಾರ್ಡಿನ ಇಬ್ಬರು ಸರದಿಯ ಮೇಲೆ ಟಾರ್ಚು, ಕತ್ತಿ ಹಿಡಿದು ಹೋಗಿ, ಬಾಯಿಗೆ ಸಿಕ್ಕಿಕೊಂಡ ಸೊಪ್ಪು ಕೊಂಬೆಗಳನ್ನು ಎಳೆದು ಹಾಕುತ್ತಾರೆ. ಮಂಗಳವಾರ ನನ್ನ ಸರದಿ.